ಹಳೆಯ ಸಣ್ಣ ಬೆಂಚ್ ವೈಸ್: ದುರಸ್ತಿಯೋ, ಬೇರೆ ಕೆಲಸಕ್ಕೋ, ಗುಜರಿಗೋ?

ಮೂರು ಇಲ್ಲವೇ ನಾಲ್ಕು ಇಂಚಿನ ದವಡೆಯ ಹಳೆಯ ಬೆಂಚ್ ವೈಸ್ (ಮೇಜಿಗೆ ಕೂರಿಸಿ, ಎರಡು ದವಡೆಗಳ ನಡುವೆ ತುಂಡನ್ನು ಬಿಗಿಯಾಗಿ ಹಿಡಿಯುವ ಉಪಕರಣ) ಕೈಗೆ ಬಂದವರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿರುತ್ತವೆ. ಅದನ್ನು ಬಿಚ್ಚಿ, ಶುಚಿಮಾಡಿ, ಮೊದಲಿನ ಕೆಲಸಕ್ಕೇ ಹಚ್ಚಬಹುದು. ದವಡೆಗೆ ಬೇರೆ ಹೊದಿಕೆ ಕೊಟ್ಟು ಇನ್ನೊಂದು ಕೆಲಸಕ್ಕೆ ತಿರುಗಿಸಬಹುದು. ಒಳ್ಳೆಯ ಬಿಡಿಭಾಗಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕಬಹುದು. ಇಲ್ಲವೇ ಹೊಸದೊಂದನ್ನು ಕೊಳ್ಳಬಹುದು. ಹೆಚ್ಚಿನವರು ಮೇಲಿನ ತುಕ್ಕನ್ನು ನೋಡಿ ತೀರ್ಮಾನಿಸುತ್ತಾರೆ. ತುಕ್ಕು ಜಾಸ್ತಿ ಇದ್ದರೆ ಬೇಡವೆನ್ನುತ್ತಾರೆ, ಯಾರೋ ನೀಲಿ ಬಣ್ಣ ಬಳಿದು ಇಟ್ಟಿದ್ದರೆ ಬೇಕೆನ್ನುತ್ತಾರೆ. ಆದರೆ ವೈಸಿನ ಯೋಗ್ಯತೆಯನ್ನು ಹೇಳುವವು ಎರಡೇ: ಒಳಗಿನ ಸ್ಕ್ರೂ ಮತ್ತು ನಟ್ಟಿನ ಸ್ಥಿತಿ, ಬೀಡಿನ (ಎರಕದ ಕಬ್ಬಿಣದ) ಮೈಯಲ್ಲಿ ಬಿರುಕು ಇದೆಯೋ ಇಲ್ಲವೋ ಎಂಬುದು. ಇವೆರಡನ್ನು ತಿಳಿದುಕೊಂಡು, ಆ ವೈಸಿನಿಂದ ನಮಗೆ ಆಗಬೇಕಾದ ಕೆಲಸ ಯಾವುದೆಂದು ನಿಶ್ಚಯಿಸಿಕೊಂಡರೆ, ತುಕ್ಕು ತೆಗೆಯುವ ಬಗೆ, ಬಣ್ಣ, ಹೊದಿಕೆ ಎಲ್ಲವೂ ತಾವಾಗಿಯೇ ತೀರ್ಮಾನವಾಗುತ್ತವೆ.

ತುಮಕೂರಿನ ಸುತ್ತಮುತ್ತ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುವುದಕ್ಕೆ ಕಾರಣವಿದೆ. ಇದು ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಇದ್ದ ಊರು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತಾದರೂ, ಲೋಹದ ಕೆಲಸವನ್ನು ಕೈಯಾರೆ ಕಲಿತವರ ಮನೆಗಳು ಇಲ್ಲಿ ಇನ್ನೂ ಇವೆ, ಆ ಮನೆಗಳ ಅಟ್ಟದಲ್ಲಿ ಉಪಕರಣಗಳೂ ಇವೆ. ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳಿರುವುದರಿಂದ ಲೇತ್ ಕೆಲಸ ಮಾಡಿಕೊಡುವವರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಗುಬ್ಬಿ, ತಿಪಟೂರು, ತುರುವೇಕೆರೆಯ ತೋಟಗಳ ಕಡೆಗೆ ಹೋದರೆ, ಪಂಪ್‌ಹೌಸಿನ ಮೂಲೆಯಲ್ಲಿ ಮಚ್ಚು, ಕುಡುಗೋಲುಗಳ ಜೊತೆಗೆ ಸಣ್ಣದೊಂದು ವೈಸ್ ಬಿದ್ದಿರುವುದು ಅಪರೂಪವಲ್ಲ.

ಮೊದಲು ಪರೀಕ್ಷೆ

ಹ್ಯಾಂಡಲ್ ತಿರುಗುವ ಸ್ಥಿತಿಯಲ್ಲಿದ್ದರೆ ಪರೀಕ್ಷೆ ಅಲ್ಲಿಂದಲೇ ಶುರುವಾಗಲಿ. ಒಂದು ಮರದ ತುಂಡನ್ನು ದವಡೆಯ ನಡುವೆ ಹಿಡಿಸಿ ಬಿಗಿ ಮಾಡಿ, ಅನಂತರ ಹ್ಯಾಂಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತಾ, ಚಲಿಸುವ ದವಡೆ ಹೊರಡುವ ಮುನ್ನ ಹ್ಯಾಂಡಲ್ ಎಷ್ಟು ಸುತ್ತು ಸುಮ್ಮನೆ ತಿರುಗಿತು ಎಂದು ಗಮನಿಸಬೇಕು. ಒಂದು ಸುತ್ತಿಗೆ 4 ಮಿ.ಮೀ. ಸಾಗುವ ಸ್ಕ್ರೂ ಎಂದಿಟ್ಟುಕೊಳ್ಳೋಣ. ಚೌಕ ಥ್ರೆಡ್ (ಚೌಕಾಕಾರದ ಸುರುಳಿ ಹಲ್ಲು) ಆಗಿದ್ದರೆ ಹೊಸದರಲ್ಲಿ ಹಲ್ಲಿನ ದಪ್ಪ ಆ 4 ಮಿ.ಮೀ.ಯ ಅರ್ಧ, ಅಂದರೆ 2 ಮಿ.ಮೀ. ಇರುತ್ತದೆ. ಸುತ್ತಿನ ಎಂಟನೇ ಒಂದು ಭಾಗ ಸುಮ್ಮನೆ ತಿರುಗಿದರೆ ಕಳೆದುಹೋಗಿರುವುದು ಅರ್ಧ ಮಿ.ಮೀ. ಮಾತ್ರ, ಅದಕ್ಕೆ ಚಿಂತಿಸಬೇಕಾಗಿಲ್ಲ. ಅರ್ಧ ಸುತ್ತು ಸುಮ್ಮನೆ ತಿರುಗಿದರೆ, ಸ್ಕ್ರೂ ಮತ್ತು ನಟ್ಟು ಎರಡರ ಸವೆತ ಸೇರಿ 2 ಮಿ.ಮೀ. ಹೋಗಿದೆ ಎಂದರ್ಥ. ಅಂಥ ನಟ್ಟು ಬಿಗಿ ಮಾಡುವಾಗ ಹಾರಿಹೋಗುವ ದಿನ ದೂರವಿರುವುದಿಲ್ಲ.

ಇಲ್ಲಿ ಅವಸರದ ತೀರ್ಮಾನ ಸಲ್ಲದು. ಸುಮ್ಮನೆ ತಿರುಗುವುದೆಲ್ಲ ನಟ್ಟಿನ ಸವೆತವಲ್ಲ. ಸ್ಕ್ರೂ ಚಲಿಸುವ ದವಡೆಯೊಳಗೆ ಹೊಕ್ಕುವ ಜಾಗದಲ್ಲಿ, ದವಡೆಯನ್ನು ಹಿಂದಕ್ಕೆ ಎಳೆದು ತರುವುದಕ್ಕಾಗಿ ಒಂದು ವಾಷರ್ ಮತ್ತು ಪಿನ್, ಇಲ್ಲವೇ ಒಂದು ತಗಡಿನ ಪಟ್ಟಿ ಇರುತ್ತದೆ. ಆ ವಾಷರ್ ಸವೆದಿದ್ದರೂ ಹ್ಯಾಂಡಲ್ ಹಿಂದಕ್ಕೆ ಸುಮ್ಮನೆ ತಿರುಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವ ಬಗೆ ಸುಲಭ: ಹ್ಯಾಂಡಲ್ ತಿರುಗಿಸುವಾಗ ಸ್ಕ್ರೂವಿನ ತಲೆಯನ್ನೇ ಪಕ್ಕದಿಂದ ನೋಡುತ್ತಿರಬೇಕು. ತಲೆ ದವಡೆಯಿಂದ ದೂರ ಸರಿದು ಬಂದು ಆಮೇಲೆ ದವಡೆಯನ್ನು ಎಳೆದರೆ ತಪ್ಪು ವಾಷರಿನದು, ಅದನ್ನು ಒಂದು ದಪ್ಪ ವಾಷರ್ ಹಾಕಿ ಸರಿಪಡಿಸಬಹುದು. ತಲೆ ತಿರುಗುತ್ತಿದ್ದರೂ ಹಿಂದೆ ಮುಂದೆ ಸರಿಯದಿದ್ದರೆ ತಪ್ಪು ನಟ್ಟಿನದೇ. ಒಳ್ಳೆಯ ವೈಸುಗಳು ಒಂದು ವಾಷರಿನ ದೆಸೆಯಿಂದ ಗುಜರಿಗೆ ಹೋಗುವುದು ನ್ಯಾಯವಲ್ಲ.

ಎರಡನೆಯ ಪರೀಕ್ಷೆ ಬಿರುಕಿನದು. ಇಂಥ ವೈಸುಗಳ ಮೈ ಬಹುಪಾಲು ಬೀಡಿನದು. ಬೀಡು ಒತ್ತಡವನ್ನು ತಡೆಯುವಷ್ಟು ಚೆನ್ನಾಗಿ ಎಳೆತವನ್ನು ತಡೆಯುವುದಿಲ್ಲ. ಅದರ ಎಳೆತದ ಬಲ ಒತ್ತಡದ ಬಲದ ಮೂರನೇ ಅಥವಾ ನಾಲ್ಕನೇ ಒಂದು ಭಾಗದಷ್ಟು ಮಾತ್ರ. ಆದ್ದರಿಂದ ಬಿರುಕು ಬರುವುದು ಎಳೆತ ಬೀಳುವ ಕಡೆಗಳಲ್ಲಿ: ದವಡೆ ಸ್ಲೈಡಿಗೆ (ಹಿಂದೆ ಮುಂದೆ ಜಾರುವ ಭಾಗಕ್ಕೆ) ಸೇರುವ ಮೂಲೆಯಲ್ಲಿ, ಬುಡದ ಬೋಲ್ಟ್ ತೂತುಗಳ ಸುತ್ತ, ಮೇಜಿನ ಅಂಚಿಗೆ ಕಚ್ಚಿಸುವ ಬಗೆಯದಾದರೆ ಆ ಕೊಕ್ಕೆಯ ಬಾಗಿನಲ್ಲಿ. ಈ ಜಾಗಗಳ ಮಣ್ಣು, ಜಿಡ್ಡು ತೆಗೆದು, ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ, ಹದಿನೈದು ನಿಮಿಷ ಬಿಟ್ಟು, ಬಟ್ಟೆಯಿಂದ ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಬೇಕು. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಪುಡಿಗೆ ಏರಿ, ಬಿಳಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆಯೊಂದು ಕಾಣಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಇದಕ್ಕೆಲ್ಲ ಅವಕಾಶವಿಲ್ಲದಿದ್ದರೆ, ಚಲಿಸುವ ದವಡೆಯನ್ನು ಹೊರಗೆಳೆದು, ಹಗ್ಗದಲ್ಲಿ ತೂಗಿಸಿ, ಸಣ್ಣ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ ನೋಡಬಹುದು. ಗಟ್ಟಿ ಬೀಡು ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಬೊದ್ದಾಗಿ ಸದ್ದುಮಾಡುತ್ತದೆ. ಹೊಸ ಬಣ್ಣ ಬಳಿದು ಮಾರುತ್ತಿರುವ ಹಳೆಯ ವೈಸಿಗೆ ಈ ಪರೀಕ್ಷೆ ಇನ್ನಷ್ಟು ಅಗತ್ಯ, ಏಕೆಂದರೆ ದಪ್ಪ ಬಣ್ಣದ ಕೆಳಗೆ ಏನಿದೆಯೆಂದು ಕಣ್ಣಿಗೆ ಕಾಣುವುದಿಲ್ಲ.

ಮೂರನೆಯದು ದವಡೆಗಳ ಹೊಂದಿಕೆ. ದಿನಪತ್ರಿಕೆಯ ನಾಲ್ಕು ಸಣ್ಣ ಪಟ್ಟಿಗಳನ್ನು ದವಡೆಯ ನಾಲ್ಕು ಮೂಲೆಗಳಲ್ಲಿ ಇಟ್ಟು ಹಗುರವಾಗಿ ಮುಚ್ಚಿ, ಒಂದೊಂದನ್ನಾಗಿ ಎಳೆದು ನೋಡಿದರೆ ಎಲ್ಲಿ ಹಿಡಿತವಿದೆ, ಎಲ್ಲಿಲ್ಲ ಎಂಬುದು ಗೊತ್ತಾಗುತ್ತದೆ. ಮೇಲಿನ ಪಟ್ಟಿಗಳು ಬಿಗಿಯಾಗಿದ್ದು ಕೆಳಗಿನವು ಸಡಿಲವಾಗಿದ್ದರೆ ತೊಂದರೆಯಿಲ್ಲ, ಜೋರಾಗಿ ಹಿಡಿದಾಗ ದವಡೆ ಮೇಲ್ಭಾಗದಲ್ಲಿ ತುಸು ತೆರೆಯುವುದು ಸಹಜವಾದ್ದರಿಂದ ಅದೇ ಒಳ್ಳೆಯದು. ಕೆಳಗಿನವು ಮಾತ್ರ ಬಿಗಿಯಾಗಿದ್ದರೆ ಸ್ಲೈಡ್ ಸವೆದಿದೆ. ದವಡೆಯ ಪಟ್ಟಿಯ ಹಿಂದೆ ತೆಳು ತಗಡು ಕೊಟ್ಟು ಒಂದು ಮಟ್ಟಿಗೆ ಸರಿಪಡಿಸಬಹುದು.

ಹೊಸದನ್ನು ಕೊಳ್ಳುವುದು ಯಾವಾಗ ಸರಿ

ಮೈ ಗಟ್ಟಿಯಾಗಿದ್ದು ಸ್ಕ್ರೂ ಚೆನ್ನಾಗಿದ್ದರೆ ಹಳೆಯದನ್ನೇ ಉಳಿಸಿಕೊಳ್ಳುವುದು ನನ್ನ ಸ್ಪಷ್ಟ ಆಯ್ಕೆ. ಕಡಿಮೆ ಬೆಲೆಯ ಹೊಸ ಮೂರು ಇಂಚಿನ ವೈಸುಗಳಲ್ಲಿ ಬೀಡು ತೆಳ್ಳಗಿರುವುದು, ಸ್ಲೈಡ್ ಒರಟಾಗಿರುವುದು, ದವಡೆಯ ಪಟ್ಟಿ ಸರಿಯಾಗಿ ಗಡಸಾಗದೆ ಬೇಗ ಗೀಚು ಬೀಳುವುದು ಇವೆಲ್ಲ ಸಾಮಾನ್ಯ. ಹಳೆಯದರಲ್ಲಿ ಈ ಭಾಗಗಳು ಈಗಾಗಲೇ ಕೆಲಸ ಮಾಡಿ ತೋರಿಸಿವೆ. ಆದರೆ ನಟ್ಟು ಸವೆದಿದ್ದರೆ ಲೆಕ್ಕ ಬೇರೆಯಾಗುತ್ತದೆ. ನಟ್ಟು ಬಿಡಿಯಾಗಿದ್ದು ಪಿನ್ ಅಥವಾ ಬೋಲ್ಟಿನಿಂದ ಕೂತಿದ್ದರೆ, ಲೇತ್ ಅಂಗಡಿಯಲ್ಲಿ ಗನ್ ಮೆಟಲಿನಲ್ಲೋ (ಒಂದು ಬಗೆಯ ಕಂಚು) ಬೀಡಿನಲ್ಲೋ ಹೊಸದನ್ನು ಮಾಡಿಸಬಹುದು. ಸ್ಕ್ರೂವನ್ನು ಅಂಗಡಿಗೆ ಕೊಟ್ಟು, ಅದಕ್ಕೇ ಹೊಂದಿಸಿ ಥ್ರೆಡ್ ಹಾಕಿಸಬೇಕು. ನಟ್ಟು ಮೈಯೊಳಗೇ ಎರಕವಾಗಿದ್ದರೆ ಅದನ್ನು ಕೊರೆದು ಬುಷ್ (ಒಳಗೆ ಕೂರುವ ಕೊಳವೆ) ಕೂರಿಸಬೇಕಾಗುತ್ತದೆ, ಕೆಲಸವೂ ಹೆಚ್ಚು, ಖರ್ಚೂ ಹೆಚ್ಚು. ಲೇತಿನವರು ಹೇಳುವ ಕೂಲಿ ಅದೇ ಅಳತೆಯ ಒಳ್ಳೆಯ ಹೊಸ ವೈಸಿನ ಬೆಲೆಯ ಅರ್ಧ ಮೀರಿದರೆ, ಮನೆತನದ ವಸ್ತು ಎಂಬಂಥ ಕಾರಣವಿಲ್ಲದಿದ್ದಲ್ಲಿ, ಹೊಸದನ್ನು ಕೊಳ್ಳುವುದೇ ಮೇಲು. ಸ್ಕ್ರೂ ಮತ್ತು ನಟ್ಟು ಎರಡೂ ಹೋಗಿದ್ದರೆ ಯೋಚಿಸುವುದೇ ಬೇಡ.

ದಿನವೂ ಗಟ್ಟಿ ಕೆಲಸ ಮಾಡುವವರಿಗೆ, ಅಂದರೆ ವೆಲ್ಡಿಂಗ್ ಅಂಗಡಿಗೋ ಮೋಟಾರ್ ರಿಪೇರಿಗೋ ವೈಸ್ ಬೇಕಾದವರಿಗೆ, ಮೂರು ಇಂಚಿನ ಹಳೆಯದು ಎಷ್ಟೇ ಚೆನ್ನಾಗಿದ್ದರೂ ಸಾಲದು. ಅವರು ಐದು ಅಥವಾ ಆರು ಇಂಚಿನದನ್ನು ನೋಡಬೇಕು. ಸಣ್ಣ ವೈಸಿಗೆ ದೊಡ್ಡ ಕೆಲಸ ಕೊಟ್ಟಾಗ ಆಗುವುದೇನೆಂದರೆ, ಹ್ಯಾಂಡಲಿಗೆ ಪೈಪ್ ತೊಡಿಸಿ ತಿರುಗಿಸುವುದು. 100 ಮಿ.ಮೀ. ಉದ್ದದ ಹ್ಯಾಂಡಲಿನ ತುದಿಯಲ್ಲಿ ಕೈ 10 ಕೆ.ಜಿ. ಬಲ ಹಾಕಿದರೆ, 4 ಮಿ.ಮೀ. ಸ್ಕ್ರೂ ಅದನ್ನು ಲೆಕ್ಕದ ಪ್ರಕಾರ ನೂರೈವತ್ತು ಪಟ್ಟಿಗೂ ಹೆಚ್ಚು ಮಾಡುತ್ತದೆ. ಘರ್ಷಣೆಯಲ್ಲಿ ಅದರ ಮುಕ್ಕಾಲು ಪಾಲು ಹೋದರೂ ದವಡೆಯ ಮೇಲೆ ಸುಮಾರು 400 ಕೆ.ಜಿ. ಬೀಳುತ್ತದೆ. ಅಷ್ಟು ಸಾಲದೆಂದು ಮೂರು ಪಟ್ಟು ಉದ್ದದ ಪೈಪ್ ತೊಡಿಸುವುದೆಂದರೆ 1,200 ಕೆ.ಜಿ.ಯನ್ನು ಬೀಡಿನ ಆ ಮೂಲೆಯ ಮೇಲೆ ಹೇರುವುದು. ಹಳೆಯ ವೈಸಿನ ಹ್ಯಾಂಡಲ್ ಬಾಗಿರುವುದು ಕಂಡರೆ ಅದಕ್ಕೆ ಈ ಗತಿ ಬಂದಿತ್ತೆಂದು ತಿಳಿದು, ಬಿರುಕನ್ನು ಇನ್ನಷ್ಟು ಎಚ್ಚರಿಕೆಯಿಂದ ಹುಡುಕಬೇಕು.

ಬಿಚ್ಚುವುದು, ತುಕ್ಕು ತೆಗೆಯುವುದು

ಕಚ್ಚಿಕೊಂಡ ಸ್ಕ್ರೂವನ್ನು ಬಲದಿಂದ ಬಿಡಿಸಲು ಹೋಗಬಾರದು. ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಸಂದುಗಳಿಗೆ ಬಿಟ್ಟು, ದಿನಕ್ಕೊಮ್ಮೆ ಮತ್ತೆ ಬಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಾ ಕಾಯುವುದು ನಿಧಾನದ ದಾರಿಯಾದರೂ ಬೀಡಿಗೆ ಅತ್ಯಂತ ಕ್ಷೇಮಕರ. ಅದಕ್ಕೂ ಬಗ್ಗದಿದ್ದರೆ ನಟ್ಟು ಇರುವ ಭಾಗವನ್ನು ಬ್ಲೋ ಲ್ಯಾಂಪಿನಿಂದ ಸುತ್ತಲೂ ಸಮನಾಗಿ ಬಿಸಿ ಮಾಡಬಹುದು, ಆದರೆ ಎಣ್ಣೆಯನ್ನು ಪೂರ್ತಿ ಒರೆಸಿದ ಮೇಲೆ ಮಾತ್ರ, ಮತ್ತು ಬಿಸಿಯಾದದ್ದರ ಮೇಲೆ ನೀರು ಸುರಿಯದೆ. ದವಡೆಯ ಪಟ್ಟಿಗಳನ್ನು ಹಿಡಿದಿರುವ ಸ್ಕ್ರೂಗಳು ಹೆಚ್ಚಾಗಿ ಮುರಿಯುತ್ತವೆ. ಬದಲಿ ತರುವಾಗ ಹಳೆಯದನ್ನು ಜೊತೆಗೇ ಒಯ್ಯಬೇಕು, ಏಕೆಂದರೆ ಹಳೆಯ ವೈಸುಗಳಲ್ಲಿ ಕಾಲಿಂಚಿನ ವಿಟ್‌ವರ್ತ್ (ಹಳೆಯ ಬ್ರಿಟಿಷ್ ಇಂಚಿನ ಅಳತೆಯ) ಥ್ರೆಡ್ ಇರುವ ಸಾಧ್ಯತೆಯುಂಟು. ಅದರ ಅಡ್ಡಗಲ 6.35 ಮಿ.ಮೀ., ಇಂಚಿಗೆ 20 ಸುತ್ತು, 6 ಮಿ.ಮೀ. ಮೆಟ್ರಿಕ್ ಸ್ಕ್ರೂ ಅದರೊಳಗೆ ಹೋದಂತೆ ಕಂಡರೂ ಸಡಿಲವಾಗಿದ್ದು ಥ್ರೆಡ್ಡನ್ನು ಹಾಳುಮಾಡುತ್ತದೆ.

ತುಕ್ಕು ತೆಗೆಯುವುದಕ್ಕೆ ಮೂರು ಬಗೆಗಳನ್ನು ಹೋಲಿಸಬಹುದು. ತಂತಿ ಬ್ರಷ್ಷು, ಎಮರಿ ಕಾಗದ, ಗ್ರೈಂಡರಿನ ತಂತಿ ಚಕ್ರ ಇವೆಲ್ಲ ಉಜ್ಜುವ ಬಗೆ. ಬೇಗ ಮುಗಿಯುತ್ತದೆ, ಬೇರೆ ಸಾಮಾನು ಬೇಕಿಲ್ಲ, ಒಂದೇ ಮಧ್ಯಾಹ್ನದಲ್ಲಿ ಮೈ ಹೊಳೆಯುತ್ತದೆ. ಆದರೆ ಥ್ರೆಡ್ಡಿನ ತಳಕ್ಕೂ, ಎರಕದ ಅಕ್ಷರಗಳ ಸಂದಿಗೂ ಅದು ತಲುಪುವುದಿಲ್ಲ. ಸ್ಲೈಡಿನ ಮೇಲೆ ಗ್ರೈಂಡರ್ ಓಡಿಸಿದರೆ ಇದ್ದ ನಯವೂ ಹೋಗುತ್ತದೆ. ಇದಕ್ಕಿಂತ ಗಂಭೀರವಾದದ್ದು ಹಳೆಯ ಬಣ್ಣದ ಧೂಳು. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸದ ಅಂಶ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮೊದಲಿನ ಬಣ್ಣದಲ್ಲಿ ಸೀಸವಿರಬಹುದೆಂದೇ ಎಣಿಸಿ ನಡೆಯಬೇಕು. ಒಣ ಬಣ್ಣವನ್ನು ಗ್ರೈಂಡರಿನಿಂದ ಹಾರಿಸುವ ಬದಲು ಪೇಂಟ್ ರಿಮೂವರ್ ಹಚ್ಚಿ, ಒದ್ದೆಯಾಗಿ ಹೆರೆದು, ಹೆರೆದದ್ದನ್ನು ಕಾಗದದಲ್ಲಿ ಕಟ್ಟಿ ಬೇರೆಯಿಡಬೇಕು. ಮಕ್ಕಳು ಆಡುವ ಅಂಗಳದಲ್ಲಿ ಈ ಕೆಲಸ ಬೇಡವೇ ಬೇಡ.

ಎರಡನೆಯದು ಹುಳಿಯಲ್ಲಿ ನೆನೆಸುವ ಬಗೆ. ನಮ್ಮ ಜಿಲ್ಲೆಯಲ್ಲಿ ಹುಣಸೆಹಣ್ಣಿಗೆ ಬರವಿಲ್ಲ, ಹಿತ್ತಾಳೆ ಪಾತ್ರೆ ಬೆಳಗುವ ಅದೇ ಹುಳಿ ಕಬ್ಬಿಣದ ತೆಳು ತುಕ್ಕನ್ನೂ ಕರಗಿಸುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಆ ಕೆಲಸ ಮಾಡುತ್ತದೆ. ಆದರೆ ಅದು ನಿಧಾನ, ಹಣ್ಣಿನ ಸಕ್ಕರೆ ಮತ್ತು ನಾರು ಥ್ರೆಡ್ಡಿನೊಳಗೆ ಅಂಟಿಕೊಂಡು ಆಮೇಲೆ ತೊಳೆಯುವುದು ಕಷ್ಟ. ದವಡೆಯ ಪಟ್ಟಿ, ಹ್ಯಾಂಡಲಿನಂಥ ಸಣ್ಣ ತುಂಡುಗಳಿಗೆ ಸರಿ, ಇಡೀ ವೈಸಿಗೆ ನಾನು ಸಲಹೆ ಮಾಡುವುದಿಲ್ಲ. ಅಡುಗೆಯ ವಿನೆಗರ್ ಒಂದು ದಿನದಲ್ಲಿ ಒಳ್ಳೆಯ ಫಲ ಕೊಡುತ್ತದೆ, ಆದರೆ ವೈಸ್ ಮುಳುಗುವಷ್ಟು ತುಂಬಬೇಕಾದರೆ ಹಲವು ಲೀಟರ್ ಬೇಕು. ಇವುಗಳಿಗಿಂತ ಸಿಟ್ರಿಕ್ ಆಮ್ಲದ ಹರಳು ಅಗ್ಗ ಮತ್ತು ಅನುಕೂಲ: ಲೀಟರಿಗೆ 50 ಗ್ರಾಂನಂತೆ ಬಿಸಿನೀರಿನಲ್ಲಿ ಕರಗಿಸಿ, ಜಿಡ್ಡು ತೆಗೆದ ಭಾಗಗಳನ್ನು ಮುಳುಗಿಸಿ, ಎರಡು ಗಂಟೆಗೊಮ್ಮೆ ತೆಗೆದು ಬ್ರಷ್ಷಿನಿಂದ ಉಜ್ಜಿ ನೋಡುತ್ತಿರಬೇಕು. ಇಲ್ಲಿ ಮರೆವು ದುಬಾರಿ. ತುಕ್ಕು ಮುಗಿದ ಮೇಲೂ ಆಮ್ಲ ಬೀಡನ್ನು ತಿನ್ನುತ್ತಲೇ ಹೋಗಿ, ಕರಗದೆ ಉಳಿದ ಗ್ರಾಫೈಟ್ ಮೈಮೇಲೆ ಕಪ್ಪು ಪುಡಿಯಾಗಿ ಕೂರುತ್ತದೆ. ತೆಗೆದ ಕೂಡಲೇ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಆ ಬಿಸಿಯಲ್ಲೇ ಎಣ್ಣೆ ಸವರದಿದ್ದರೆ ಅರ್ಧ ಗಂಟೆಯೊಳಗೆ ಕಿತ್ತಳೆ ಬಣ್ಣದ ಹೊಸ ತುಕ್ಕು ಏಳುತ್ತದೆ. ಕಕ್ಕಸು ತೊಳೆಯುವ ಆಸಿಡ್ಡನ್ನು ಮಾತ್ರ ಯಾರೂ ಬಳಸಬಾರದು. ಅದು ಕಬ್ಬಿಣವನ್ನೇ ತಿನ್ನುತ್ತದೆ, ಅದರ ಹೊಗೆ ಉಸಿರಿಗೂ ಕೆಟ್ಟದ್ದು, ಅದೇ ಕೋಣೆಯಲ್ಲಿರುವ ಉಳಿದ ಉಪಕರಣಗಳಿಗೂ ತುಕ್ಕು ಹಿಡಿಸುತ್ತದೆ.

ಮೂರನೆಯದು ವಿದ್ಯುತ್ ಹರಿಸುವ ಬಗೆ, ಮತ್ತು ತೀರಾ ತುಕ್ಕು ತಿಂದ ವೈಸಿಗೆ ನಾನು ಮೆಚ್ಚುವುದು ಇದನ್ನೇ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ, ಲೀಟರಿಗೆ ಒಂದು ದೊಡ್ಡ ಚಮಚದಂತೆ ಬಟ್ಟೆ ಸೋಡಾ ಕರಗಿಸಿ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ವೈಸಿನ ಭಾಗಕ್ಕೂ, ಧನ ತಂತಿಯನ್ನು ಬೇಡವಾದ ಸಾದಾ ಕಬ್ಬಿಣದ ತಗಡಿಗೂ ಕಟ್ಟಬೇಕು; ಎರಡೂ ಒಂದಕ್ಕೊಂದು ತಾಗಬಾರದು. ತಂತಿ ಅದಲುಬದಲಾದರೆ ತಗಡು ಉಳಿದು ವೈಸ್ ಕರಗುತ್ತದೆ. ಒಂದು ಹಗಲು ಅಥವಾ ಒಂದು ರಾತ್ರಿ ಕಳೆದ ಮೇಲೆ ತುಕ್ಕು ಕಪ್ಪಾಗಿ ಸಡಿಲಗೊಂಡಿರುತ್ತದೆ, ಬ್ರಷ್ಷಿಗೆ ಉದುರುತ್ತದೆ. ತುಕ್ಕಿನ ಕೆಳಗಿನ ಗಟ್ಟಿ ಲೋಹವನ್ನು ಇದು ಮುಟ್ಟುವುದಿಲ್ಲ, ಹೆಚ್ಚು ಹೊತ್ತು ಬಿಟ್ಟರೂ ಬೀಡು ಸವೆಯುವುದಿಲ್ಲ, ಆಮ್ಲಕ್ಕಿಂತ ಇದು ಮೇಲಾಗುವುದು ಇಲ್ಲಿಯೇ. ತಗಡಿಗೆ ಎದುರಾಗಿರುವ ಮುಖ ಬೇಗ ಶುಚಿಯಾಗುವುದರಿಂದ ನಡುವೆ ಒಮ್ಮೆ ತಿರುಗಿಸಿಡಬೇಕು. ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯುವಂತಿಲ್ಲ. ತಗಡಿನ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ನೀರಿಗೆ ಸೇರುತ್ತವೆ, ಆದ್ದರಿಂದ ಹಳೆಯ ಸ್ಟೀಲ್ ತಟ್ಟೆ, ಚಮಚ ಯಾವುದೂ ಕೂಡದು. ಜೊತೆಗೆ ಗುಳ್ಳೆಗಳಾಗಿ ಏಳುವುದು ಹೈಡ್ರೋಜನ್ ಅನಿಲವಾದ್ದರಿಂದ ಇದನ್ನು ಮುಚ್ಚಿದ ಕೋಣೆಯಲ್ಲಾಗಲೀ ಬೆಂಕಿಯ ಹತ್ತಿರವಾಗಲೀ ಮಾಡಬಾರದು, ಮತ್ತು ತಂತಿಯನ್ನು ಬಿಚ್ಚುವ ಮುನ್ನ ಚಾರ್ಜರಿನ ಸ್ವಿಚ್ ಆರಿಸಬೇಕು.

ಬಣ್ಣವೋ, ಎಣ್ಣೆಯೋ

ಮೈಗೆ ರೆಡ್ ಆಕ್ಸೈಡ್ ಪ್ರೈಮರ್ ಬಳಿದು ಮೇಲೆ ಎನಾಮೆಲ್ ಕೊಟ್ಟರೆ ವರ್ಷಗಟ್ಟಲೆ ನಿಲ್ಲುತ್ತದೆ, ಎಣ್ಣೆ ಕೈ ತಾಗಿದರೂ ಒರೆಸಬಹುದು. ಕೈಗಾರಿಕಾ ಪ್ರದೇಶದ ಪೌಡರ್ ಕೋಟಿಂಗ್ ಇನ್ನೂ ಗಟ್ಟಿ, ಆದರೆ ಸ್ಲೈಡ್, ನಟ್ಟಿನ ಗೂಡು, ದವಡೆಯ ಪಟ್ಟಿ ಕೂರುವ ಮುಖ ಇವನ್ನೆಲ್ಲ ಮುಚ್ಚಿ ಕೊಡದಿದ್ದರೆ ಜೋಡಿಸುವಾಗ ಅಲ್ಲೆಲ್ಲ ಕೆರೆಯಬೇಕಾಗುತ್ತದೆ. ಸಣ್ಣ ವೈಸಿಗೆ ಅಷ್ಟು ಅಗತ್ಯ ನನಗೆ ಕಾಣುವುದಿಲ್ಲ. ಹಳೆಯ ಎರಕದ ಮೈ ಕಾಣಬೇಕೆನ್ನುವವರು ಕಾಯಿಸಿದ ಅಗಸೆ ಎಣ್ಣೆಯನ್ನು ತೀರಾ ತೆಳ್ಳಗೆ ಸವರಿ, ಒರೆಸಿ, ಒಣಗಿಸಿ, ಮತ್ತೊಮ್ಮೆ ಸವರಬಹುದು. ಅದು ಗಾಳಿಗೆ ಗಟ್ಟಿಯಾಗಿ ಪದರವಾಗುತ್ತದೆ. ಒರೆಸಿದ ಬಟ್ಟೆಯನ್ನು ಮುದುರಿ ಎಸೆದರೆ ತಾನಾಗಿಯೇ ಕಾದು ಬೆಂಕಿ ಹತ್ತುವ ಅಪಾಯವಿದೆ, ಬಿಡಿಸಿ ಹೊರಗೆ ಹರವಿ ಒಣಗಿಸಬೇಕು.

ತಿಪಟೂರಿನ ಕೊಬ್ಬರಿಯ ಸೀಮೆಯಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಅದನ್ನು ಕಬ್ಬಿಣಕ್ಕೆ ಸವರುವ ರೂಢಿಯೂ ಇದೆ. ಮಚ್ಚಿನ ಅಲಗಿಗೆ ಅದು ನಡೆಯುತ್ತದೆ, ವೈಸಿನ ಸ್ಕ್ರೂವಿಗೆ ನಡೆಯುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ, ನಮ್ಮಲ್ಲಿ ಮಾಗಿಯ ಮುಂಜಾನೆಗಳೆಲ್ಲ ಅದಕ್ಕಿಂತ ತಣ್ಣಗಿರುತ್ತವೆ. ಹಳತಾದಂತೆ ಕಮಟಾಗಿ ಹುಳಿಯೂ ಆಗುತ್ತದೆ. ಸ್ಕ್ರೂವಿಗೆ ಮತ್ತು ವಾಷರಿಗೆ ಗ್ರೀಸ್, ಸ್ಲೈಡಿಗೆ ಮೆಷಿನ್ ಆಯಿಲ್, ಇಷ್ಟೇ ಸರಿ.

ಬೇರೆ ಕೆಲಸಕ್ಕೆ ತಿರುಗಿಸುವುದಾದರೆ

ಎಲ್ಲ ಹಳೆಯ ವೈಸುಗಳೂ ಕಬ್ಬಿಣ ಹಿಡಿಯುವ ಕೆಲಸಕ್ಕೇ ಮರಳಬೇಕೆಂದಿಲ್ಲ. ತುಸು ಸವೆದ ನಟ್ಟು, ತುಸು ಸಡಿಲ ದವಡೆಯ ವೈಸ್ ಹಗುರ ಕೆಲಸಗಳಿಗೆ ಇನ್ನೂ ದೀರ್ಘ ಕಾಲ ಬರುತ್ತದೆ. ನನ್ನ ಮಟ್ಟಿಗೆ ಇವುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಹರಿತ ಹಾಕುವ ಆಸರೆ. ಕುಡುಗೋಲು, ಮಚ್ಚು, ಮೇವು ಕತ್ತರಿಸುವ ಯಂತ್ರದ ಅಲಗು, ಗರಗಸ ಇವನ್ನು ಕಾಲಲ್ಲಿ ಒತ್ತಿ ಹಿಡಿದು ಅರ ಹಾಕುವವರನ್ನು ಎಲ್ಲ ತೋಟದಲ್ಲೂ ನೋಡುತ್ತೇವೆ. ಅರ ಜಾರಿದರೆ ಗಾಯ ಖಂಡಿತ. ದವಡೆಯ ಪಟ್ಟಿಗಳನ್ನು ಬಿಚ್ಚಿ, ಅದೇ ತೂತುಗಳಿಗೆ ಒಂದು ಅಡಿ ಉದ್ದದ ಎರಡು ಗಟ್ಟಿ ಮರದ ಹಲಗೆಗಳನ್ನು ಸ್ಕ್ರೂ ಮಾಡಿ, ಮೇಲಂಚನ್ನು ಹೊರಮುಖಕ್ಕೆ ಓರೆಯಾಗಿ ಕೆತ್ತಿದರೆ, ಗರಗಸದ ಇಡೀ ಅಲಗು ಅಲುಗಾಡದೆ ನಿಲ್ಲುತ್ತದೆ, ಅರದ ಕೀರಲು ಸದ್ದೂ ಕಡಿಮೆಯಾಗುತ್ತದೆ.

ಬೆಸುಗೆ, ವಾಚು, ಮೊಬೈಲು, ಮಿಕ್ಸಿಯ ಬಿಡಿಭಾಗಗಳಂಥ ನಾಜೂಕು ಕೆಲಸಕ್ಕೆ ಎರಡೂವರೆ ಇಂಚಿನ, ಮೇಜಿಗೆ ಕಚ್ಚಿಸುವ ವೈಸ್ ಚೆನ್ನ. ಇಲ್ಲಿ ಮುಖ್ಯವಾದದ್ದು ಹೊದಿಕೆಯ ಆಯ್ಕೆ. ಅಲ್ಯೂಮಿನಿಯಂ ಎಲ್ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಹೊಳಪಿನ ತುಂಡಿಗೆ ಗೀಚು ಬೀಳಿಸದೆ ಬಿಗಿಯಾಗಿ ಹಿಡಿಯುತ್ತದೆ, ಆದರೆ ಕಬ್ಬಿಣದ ಚೂರುಗಳು ಅದರೊಳಗೆ ಹೂತುಕೊಂಡು ಆಮೇಲೆ ಅವೇ ಗೀಚುತ್ತವೆ, ಆಗಾಗ ಒರೆಸಬೇಕು. ತಾಮ್ರದ ತಗಡೂ ಮೃದು, ಬಿಸಿ ತಡೆಯುತ್ತದೆ, ಆದರೆ ಬೆಸುಗೆ ಹಾಕುವಾಗ ಶಾಖವನ್ನೆಲ್ಲ ತಾನೇ ಎಳೆದುಕೊಂಡುಬಿಡುತ್ತದೆ. ಬೆಸುಗೆಗೆ ಮರದ ಹೊದಿಕೆಯೇ ಒಳ್ಳೆಯದು. ಹಳೆಯ ಬೆಲ್ಟಿನ ಚರ್ಮ ಮರದ ಕೆಲಸಕ್ಕೂ ಬಣ್ಣ ಹಚ್ಚಿದ ವಸ್ತುಗಳಿಗೂ ಹೊಂದುತ್ತದೆ. ಹೊದಿಕೆಯ ಹಿಂದೆ ಸಣ್ಣ ಅಯಸ್ಕಾಂತ ಅಂಟಿಸಿಟ್ಟರೆ ಬೇಕಾದಾಗ ಕೂರಿಸಿ, ಬೇಡವಾದಾಗ ತೆಗೆಯಬಹುದು.

ಮಾಡಬಾರದ ತಿರುವುಗಳೂ ಇವೆ. ಬೆಂಚ್ ವೈಸನ್ನು ಡ್ರಿಲ್ ಯಂತ್ರದ ಕೆಳಗೆ ಸುಮ್ಮನೆ ಇಟ್ಟು ಬಳಸುವುದು ಅಪಾಯ. ಡ್ರಿಲ್ ಕಚ್ಚಿಕೊಂಡರೆ ವೈಸ್ ಸಮೇತ ತುಂಡು ತಿರುಗಿ ಕೈಗೆ ಬಡಿಯುತ್ತದೆ, ಬೋಲ್ಟ್ ಮಾಡಿದರೂ ಬುಡದ ಎತ್ತರ ಹೆಚ್ಚು, ಮಟ್ಟವೂ ಸರಿಯಿರುವುದಿಲ್ಲ. ತೋಟದ ಜಿಐ ಪೈಪಿಗೆ ಥ್ರೆಡ್ ಹಾಕುವುದಕ್ಕೂ ಸಣ್ಣ ವೈಸ್ ಸಲ್ಲದು, ಚಪ್ಪಟೆ ದವಡೆಯಲ್ಲಿ ಪೈಪ್ ಒಂದೋ ಜಾರುತ್ತದೆ, ಇಲ್ಲವೇ ಚಪ್ಪಟೆಯಾಗುತ್ತದೆ. ಅದಕ್ಕೆ ಪೈಪ್ ವೈಸನ್ನೇ ಬಾಡಿಗೆಗೆ ತರಬೇಕು. ಡ್ರಿಪ್ಪಿನ ಪೈಪು, ಪಿವಿಸಿ ತುಂಡುಗಳನ್ನು ಮರದ ಹೊದಿಕೆಯಲ್ಲಿ ಹಿಡಿದು ಕೊಯ್ಯುವುದು ಮಾತ್ರ ಸಲೀಸು. ದವಡೆಯ ಮೇಲೆ ತುಂಡನ್ನಿಟ್ಟು ಸುತ್ತಿಗೆಯಿಂದ ಬಡಿಯುವ ಅಭ್ಯಾಸ ಯಾವ ಬೀಡಿನ ವೈಸಿಗೂ ಒಳ್ಳೆಯದಲ್ಲ. ಬಣ್ಣ ಹಚ್ಚಿ ಕಪಾಟಿನಲ್ಲಿ ಇಡುವವರನ್ನು ನಾನು ಆಕ್ಷೇಪಿಸುವುದಿಲ್ಲ, ಆದರೆ ಒಳ್ಳೆಯ ಸ್ಕ್ರೂ ಇರುವ ವೈಸ್ ಕೆಲಸ ಮಾಡುವುದನ್ನು ನೋಡುವುದೇ ನನಗೆ ಹೆಚ್ಚಿನ ಸಂತೋಷ.

ಯಾವ ಕೆಲಸಕ್ಕಾದರೂ ಕೂರಿಸುವ ಬಗೆ ಒಂದೇ. ಎರಡು ಇಂಚು ದಪ್ಪದ ಹಲಗೆ ಬೇಕು, ಹುಣಸೆ, ಜಾಲಿ ಇಲ್ಲವೇ ಬೇವು ಸರಿಹೋಗುತ್ತದೆ. ಕಲ್ಲಿನ ಚಪ್ಪಡಿಯ ಮೇಲೆ ಕೂರಿಸಿದರೆ ಬಿಗಿ ಮಾಡುವಾಗ ತೂತಿನಿಂದ ಸೀಳಬಹುದು. ಮರದ ಸ್ಕ್ರೂ ಸಾಲದು, ಆರಪಾರ ಬೋಲ್ಟ್ ಹಾಕಿ ಕೆಳಗೆ ಅಗಲ ವಾಷರ್ ಕೊಡಬೇಕು. ನಿಂತ ದವಡೆಯ ಮುಖ ಹಲಗೆಯ ಅಂಚಿಗಿಂತ ಕೂದಲೆಳೆಯಷ್ಟು ಹೊರಗಿದ್ದರೆ ಉದ್ದದ ತುಂಡನ್ನು ನೇರ ಕೆಳಗಿಳಿಸಿ ಹಿಡಿಯಬಹುದು. ಎತ್ತರ, ನಿಂತವರ ಮೊಣಕೈ ಮಟ್ಟ.

ಮೈ ಒಡೆದಿದ್ದರೆ

ಬಿರುಕು ಕಂಡಕೂಡಲೇ ವೆಲ್ಡಿಂಗಿಗೆ ಒಯ್ಯುವವರಿದ್ದಾರೆ. ಸಾದಾ ಕಬ್ಬಿಣದ ರಾಡಿನಿಂದ ಬೀಡನ್ನು ಬೆಸೆದರೆ ಬೆಸುಗೆಯ ಅಂಚಿನಲ್ಲಿ ಗಡಸಾದ, ಪೆಡಸಾದ ಪದರವೊಂದು ಉಂಟಾಗಿ, ತಣಿಯುವಾಗಲೇ ಪಕ್ಕದಲ್ಲಿ ಮತ್ತೆ ಬಿರುಕು ಬಿಡುತ್ತದೆ. ನಿಕ್ಕಲ್ ರಾಡ್ ಬಳಸಿ, ಮೊದಲೇ ಮೈಯನ್ನು ಬಿಸಿ ಮಾಡಿ, ಚಿಕ್ಕ ಚಿಕ್ಕ ಗೆರೆಗಳಲ್ಲಿ ಬೆಸೆದು, ಬೂದಿಯಲ್ಲೋ ಒಣ ಮರಳಿನಲ್ಲೋ ಹೂತು ನಿಧಾನವಾಗಿ ಆರಿಸುವವರು ಸಿಕ್ಕರೆ ಪ್ರಯತ್ನಿಸಬಹುದು; ಹಿತ್ತಾಳೆಯ ಬೆಸುಗೆಯೂ ಒಂದು ದಾರಿ. ಬುಡದ ಕಿವಿ ಒಡೆದಿದ್ದರೆ ಈ ಖರ್ಚು ಸಾರ್ಥಕ, ಏಕೆಂದರೆ ಅಲ್ಲಿ ಬಲ ಕಡಿಮೆ. ದವಡೆಯ ಬೇರಿನಲ್ಲೇ ಒಡೆದಿದ್ದರೆ ಎಷ್ಟು ಚೆನ್ನಾಗಿ ಬೆಸೆದರೂ ಆ ವೈಸನ್ನು ಹಗುರ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಬೇಕು.

ಬೆಸೆಯುವುದು ಬೇಡವೆಂದಾದರೆ, ಗುಜರಿಗೆ ಹಾಕುವ ಮುನ್ನ ಸ್ಕ್ರೂ, ನಟ್ಟು, ಹ್ಯಾಂಡಲ್, ದವಡೆಯ ಪಟ್ಟಿ ಇವನ್ನು ಬಿಚ್ಚಿಟ್ಟುಕೊಳ್ಳಬೇಕು. ಮೈ ಒಡೆದು ಸ್ಕ್ರೂ ಚೆನ್ನಾಗಿರುವ ವೈಸಿನಿಂದ ಬಡಗಿ ಕೆಲಸಕ್ಕೆ ಮರದ ವೈಸೊಂದನ್ನು ಮಾಡಬಹುದು. ಮೇಜಿನ ಕಾಲಿನ ಹಲಗೆಯ ಹಿಂಬದಿಗೆ ನಟ್ಟನ್ನು ಕಬ್ಬಿಣದ ಪಟ್ಟಿಯಿಂದ ಬಿಗಿದು, ಎದುರಿಗೆ ಹುಣಸೆ ಮರದ ದಪ್ಪ ಹಲಗೆಯೊಂದನ್ನು ದವಡೆಯಾಗಿ ನಿಲ್ಲಿಸಿ, ಸ್ಕ್ರೂವನ್ನು ಎರಡರ ಮೂಲಕವೂ ಹಾಯಿಸಿ, ಸ್ಕ್ರೂವಿನ ಎರಡು ಪಕ್ಕಗಳಲ್ಲೂ ಹಲಗೆ ತಿರುಗದಂತೆ ಮುಕ್ಕಾಲಿಂಚಿನ ಕಬ್ಬಿಣದ ಸರಳುಗಳನ್ನು ದಾರಿಯಾಗಿ ಕೊಟ್ಟರೆ ಸಾಕು. ಸ್ಕ್ರೂವಿನ ತಲೆ ಮರವನ್ನು ತಿನ್ನದಂತೆ ಅದರ ಕೆಳಗೆ ಒಂದು ದಪ್ಪ ಉಕ್ಕಿನ ವಾಷರ್ ಇಡಬೇಕು, ಸರಳುಗಳ ತೂತುಗಳನ್ನು ಸರಳಿಗಿಂತ ಒಂದು ಮಿ.ಮೀ. ಸಡಿಲವಾಗಿ ಕೊರೆಯಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಮರ ಉಬ್ಬಿ ದವಡೆ ಅಲ್ಲೇ ಕಚ್ಚಿಕೊಳ್ಳುತ್ತದೆ.